ಪಾದ್ರಿ ಫೋರ್ಸೈತ್ ಮತ್ತು ಕೋವಿಯ ಕಿಡಿ

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಬೇಟೆಯ ಮಾತು ಬಂದಾಗ ಹಿರಿಯರು ಕೋವಿಗಳಲ್ಲಿ ಎರಡು ಜಾತಿಯನ್ನು ಎಣಿಸುವುದುಂಟು: ಒಂದು ತೋಟಾ ಕೋವಿ, ಇನ್ನೊಂದು ಕೇಪಿನ ಕೋವಿ. ಕೇಪಿನ ಕೋವಿಗೆ ಮದ್ದನ್ನೂ ಚರೆಯನ್ನೂ ನಳಿಗೆಯ ಬಾಯಿಂದಲೇ ತುಂಬಿ, ಗಜದಿಂದ ಜಡಿದು, ಹಿಂಬದಿಯಲ್ಲಿರುವ ಮೊಳೆಯಂಥ ಕೊಳವೆಯ ಮೇಲೆ ತಾಮ್ರದ ಒಂದು ಪುಟ್ಟ ಟೋಪಿಯನ್ನು ಕೂರಿಸಬೇಕು. ಆ ಟೋಪಿಯೇ ಕೇಪು. ಇಂಗ್ಲಿಷರ ಕ್ಯಾಪ್ ನಮ್ಮವರ ನಾಲಗೆಯಲ್ಲಿ ಹೀಗೆ ಕೇಪಾಯಿತು. ಕೋವಿಯ ಕುದುರೆ ಅದರ ಮೇಲೆ ಬಡಿದೊಡನೆ ಕಿಡಿ ಹುಟ್ಟಿ ಈಡು ಹಾರುತ್ತದೆ.

ಬತ್ತಿಯೂ ಬೇಡ, ಚಕಮಕಿ ಕಲ್ಲೂ ಬೇಡ, ಬರಿಯ ಪೆಟ್ಟಿನಿಂದಲೇ ಕೋವಿಯ ಮದ್ದಿಗೆ ಬೆಂಕಿ ತಾಗಿಸಬಹುದೆಂದು ಮಾಡಿ ತೋರಿಸಿದವನು ಯಾವ ದಂಡನಾಯಕನೂ ಅಲ್ಲ, ರಸಾಯನಶಾಸ್ತ್ರದ ಪ್ರಾಧ್ಯಾಪಕನೂ ಅಲ್ಲ. ಆತನು ಸ್ಕಾಟ್ಲೆಂಡಿನ ಒಂದು ಹಳ್ಳಿಯ ಪಾದ್ರಿ. ಹೆಸರು ಅಲೆಕ್ಸಾಂಡರ್ ಜಾನ್ ಫೋರ್ಸೈತ್.

ಫೋರ್ಸೈತನು 1768ರಲ್ಲಿ, ಆಬರ್ಡೀನ್ ನಗರದ ಉತ್ತರಕ್ಕೆ ಸಮುದ್ರತೀರದಲ್ಲಿರುವ ಬೆಲ್‌ಹೆಲ್ವಿ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆ ಅದೇ ಗ್ರಾಮದ ಚರ್ಚಿನ ಪಾದ್ರಿಯಾಗಿದ್ದನು. ಮಗನು ಆಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ತಂದೆಯ ಮರಣಾನಂತರ 1791ರಲ್ಲಿ ಆತನ ಪೀಠವನ್ನೇ ಏರಿದನು. ಅಲ್ಲಿಂದ ಐವತ್ತೆರಡು ವರ್ಷ, ಅಂದರೆ ಸಾಯುವವರೆಗೂ, ಆ ಹಳ್ಳಿಯ ಜನರಿಗೆ ಆತನೇ ಪಾದ್ರಿ. ಮದುವೆಯಾಗಲಿಲ್ಲ. ಭಾನುವಾರದ ಉಪದೇಶ, ರೋಗಿಗಳ ಭೇಟಿ, ಬಡವರ ಯೋಗಕ್ಷೇಮ ಇವೇ ಆತನ ವೃತ್ತಿ. ಉಳಿದ ಹೊತ್ತಿನಲ್ಲಿ ಆತನಿಗೆ ಎರಡು ಹುಚ್ಚು. ಒಂದು ರಸಾಯನ ಮತ್ತು ಯಂತ್ರಗಳದು. ಮತ್ತೊಂದು ನೀರುಹಕ್ಕಿಗಳ ಬೇಟೆಯದು. ಈ ಎರಡು ಹುಚ್ಚುಗಳು ಒಂದು ದಿನ ಒಂದಕ್ಕೊಂದು ಸಂಧಿಸಿದುದರಿಂದಲೇ ಆತನ ಹೆಸರು ಇತಿಹಾಸದಲ್ಲಿ ಉಳಿಯಿತು.

ಅಂದಿನ ಕೋವಿಯ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳದೆ ಆ ಸಂಧಿಯ ಮಹತ್ವ ಮನಸ್ಸಿಗೆ ಬಾರದು. ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಒಳಗಿರುವ ಮದ್ದಿಗೆ ಬೇಕಾದ ಗಳಿಗೆಯಲ್ಲಿ ಬೆಂಕಿಯನ್ನು ಮುಟ್ಟಿಸುವುದು. ಮೊದಮೊದಲು ಉರಿಯುವ ಬತ್ತಿಯನ್ನೇ ಇಟ್ಟುಕೊಂಡು ತಿರುಗಬೇಕಾಗಿತ್ತು. ರಾತ್ರಿಯಲ್ಲಿ ಅದರ ಕೆಂಡ ಶತ್ರುವಿಗೆ ಕಾಣುತ್ತಿತ್ತು, ಮಳೆಯಲ್ಲಿ ನಂದುತ್ತಿತ್ತು. ಆಮೇಲೆ ಉಕ್ಕಿನ ಚಕ್ರವನ್ನು ಗಡಿಯಾರದಂತೆ ಕೀಲಿಕೊಟ್ಟು ತಿರುಗಿಸಿ ಕಿಡಿ ಹಾರಿಸುವ ಉಪಾಯ ಬಂದಿತು. ಅದು ಬಲು ದುಬಾರಿ, ಶ್ರೀಮಂತರಿಗೆ ಮಾತ್ರ ಎಟುಕುವಂಥದು. ಹದಿನೇಳನೆಯ ಶತಮಾನದಿಂದ ಚಕಮಕಿ ಕೋವಿಯೇ ಎಲ್ಲೆಡೆ ಹರಡಿತು. ಇದರಲ್ಲಿ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು. ಅದು ಉಕ್ಕಿನ ಫಲಕಕ್ಕೆ ಬಡಿದಾಗ ಕಿಡಿಗಳು ಕೆಳಗಿನ ಬಟ್ಟಲಿಗೆ ಬೀಳುತ್ತವೆ. ಬಟ್ಟಲಿನಲ್ಲಿ ಹಾಕಿದ ನುಣುಪಾದ ಮದ್ದು, ಅಂದರೆ ರಂಜಕ, ಭುಗ್ಗೆಂದು ಹೊತ್ತುತ್ತದೆ. ಆ ಜ್ವಾಲೆ ನಳಿಗೆಯ ಪಕ್ಕದ ಸಣ್ಣ ರಂಧ್ರದಿಂದ ಒಳಹೊಕ್ಕು ಮೂಲ ಮದ್ದನ್ನು ಹೊತ್ತಿಸುತ್ತದೆ. ಇಷ್ಟು ಕಾರ್ಯ ನಡೆಯಲು ಕಣ್ಣೆವೆ ಬಡಿಯುವಷ್ಟು ಕಾಲ ಸಾಕಾದರೂ, ಈ ಬೆಂಕಿಯೆಲ್ಲವೂ ಹೊರಗೆ ಗಾಳಿಯಲ್ಲೇ ಹೊತ್ತುತ್ತಿತ್ತು. ಗಾಳಿ ಬೀಸಿದರೆ ರಂಜಕ ಹಾರಿಹೋಗುವುದು. ಮಳೆ ಹನಿದರೆ ಅದು ಕೆಸರಾಗುವುದು. ಕಲ್ಲು ಸವೆದರೆ ಕಿಡಿಯೇ ಹಾರದು.

ಫೋರ್ಸೈತನಿಗೆ ಕಂಡ ದೋಷ ಇನ್ನೂ ಚಿಕ್ಕದು. ನೀರಿನ ಮೇಲೆ ತೇಲುತ್ತಿದ್ದ ಹಕ್ಕಿಗಳಿಗೆ ಆತನು ಗುರಿಯಿಟ್ಟಾಗ, ಬಟ್ಟಲಿನಲ್ಲಿ ರಂಜಕ ಹೊತ್ತಿದ ಮಿಂಚನ್ನು ಕಂಡೊಡನೆ ಅವು ನೀರಿನಲ್ಲಿ ಮುಳುಗಿಬಿಡುತ್ತಿದ್ದವು. ಚರೆ ಅಲ್ಲಿಗೆ ಹೋಗಿ ತಲಪುವ ವೇಳೆಗೆ ಬರಿಯ ನೀರು. ಕೋವಿಯೇ ಹಕ್ಕಿಗೆ ಎಚ್ಚರಿಕೆ ಕೊಡುತ್ತಿದೆ! ಇದನ್ನು ಸಾವಿರಾರು ಬೇಟೆಗಾರರು ಕಂಡಿದ್ದರು, ಶಪಿಸಿ ಸುಮ್ಮನಾಗಿದ್ದರು. ಪಾದ್ರಿಯು ಸುಮ್ಮನಾಗಲಿಲ್ಲ. ಮೊದಲು ಬಟ್ಟಲಿಗೆ ಒಂದು ಮರೆಯನ್ನು ಕಟ್ಟಿ ನೋಡಿದನು. ಅದರಿಂದ ಮಿಂಚು ಮರೆಯಾದರೂ ಗುರಿಯಿಡಲು ಅಡ್ಡಿಯಾಯಿತು. ಆಗ ಆತನ ಯೋಚನೆ ಬೇರೆ ದಾರಿ ಹಿಡಿಯಿತು. ಬೆಂಕಿಯನ್ನು ಮುಚ್ಚುವುದಕ್ಕಿಂತ, ಹೊರಗೆ ಬೆಂಕಿಯೇ ಹುಟ್ಟದಂತೆ ಮಾಡಲು ಸಾಧ್ಯವಿಲ್ಲವೆ?

ಆ ಕಾಲಕ್ಕೆ ಯೂರೋಪಿನ ರಸಾಯನಶಾಸ್ತ್ರಜ್ಞರು ಪೆಟ್ಟು ಬಿದ್ದರೆ ಸಿಡಿಯುವ ಕೆಲವು ಪುಡಿಗಳನ್ನು ಕಂಡುಹಿಡಿದಿದ್ದರು. ಫ್ರಾನ್ಸಿನ ಬೆರ್ತೊಲೆ ಎಂಬ ಪಂಡಿತನು ಕ್ಲೋರೇಟ್ ಎಂಬ ಲವಣವನ್ನು ತಯಾರಿಸಿದ್ದನು. ಪೆಟ್ಲುಪ್ಪಿನ ಬದಲು ಇದನ್ನೇ ಹಾಕಿ ಕೋವಿಮದ್ದನ್ನು ಮಾಡಬಹುದೆಂದು 1788ರಲ್ಲಿ ಎಸೊನ್ ಎಂಬ ಊರಿನಲ್ಲಿ ಪ್ರಯೋಗ ನಡೆಸಿದಾಗ ಅದು ಸಿಡಿದು ಇಬ್ಬರು ಸತ್ತರು. ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ ಎಂಬಾತನು ಪಾದರಸದಿಂದ ಇನ್ನೊಂದು ಉಗ್ರವಾದ ಸಿಡಿಪುಡಿಯನ್ನು ತಯಾರಿಸಿ 1800ರಲ್ಲಿ ಅದರ ವಿವರವನ್ನು ಪ್ರಕಟಿಸಿದನು; ಅವನಿಗೂ ಆ ಪ್ರಯೋಗದಲ್ಲಿ ಗಾಯಗಳಾದವು. ಕೋವಿಮದ್ದಿನ ಸ್ಥಾನದಲ್ಲಿ ಇವುಗಳನ್ನು ಬಳಸಿದರೆ ನಳಿಗೆಯೇ ಒಡೆದು ಹೋಗುವುದೆಂದು ತಿಳಿದ ಮೇಲೆ ಪಂಡಿತರು ಅವನ್ನು ಬದಿಗಿಟ್ಟರು.

ಫೋರ್ಸೈತನು ಅವರ ಪ್ರಶ್ನೆಯನ್ನೇ ಬದಲಾಯಿಸಿದನು. ಗುಂಡನ್ನು ತಳ್ಳುವ ಕೆಲಸವನ್ನು ಹಳೆಯ ಮದ್ದೇ ಮಾಡಲಿ. ಹೊಸ ಪುಡಿ ಅದಕ್ಕೆ ಬೆಂಕಿ ಹಚ್ಚಿದರೆ ಸಾಕು. ಮನೆಯ ತೋಟದಲ್ಲಿದ್ದ ಒಂದು ಸಣ್ಣ ಕೊಟ್ಟಿಗೆಯೇ ಆತನ ಕಾರ್ಯಶಾಲೆ. ಅಲ್ಲಿ ಕಬ್ಬಿಣವನ್ನು ತಾನೇ ಕಾಯಿಸಿ, ಬಡಿದು, ಅರದಿಂದ ಉಜ್ಜಿ ಭಾಗಗಳನ್ನು ಮಾಡಿಕೊಂಡನು. ಹೊಸ ಪುಡಿಯನ್ನು ಹಳೆಯ ತೆರೆದ ಬಟ್ಟಲಿನಲ್ಲೇ ಹಾಕಿ ನೋಡಿದಾಗ ನಿರಾಶೆಯೇ ಆಯಿತು. ಅದು ಕ್ಷಣಮಾತ್ರದಲ್ಲಿ ಸಿಡಿದು ಆರಿಹೋಗುತ್ತಿತ್ತೇ ಹೊರತು ಒಳಗಿನ ಮದ್ದಿಗೆ ಬೆಂಕಿ ತಗಲುತ್ತಿರಲಿಲ್ಲ. ಅದನ್ನು ಮುಚ್ಚಿದ ಕಿರುಕೊಳವೆಯಲ್ಲಿಟ್ಟು ಪೆಟ್ಟು ಕೊಟ್ಟಾಗ ಮಾತ್ರ, ಹೊರಹೋಗಲು ಬೇರೆ ದಾರಿಯಿಲ್ಲದೆ, ಜ್ವಾಲೆಯೆಲ್ಲವೂ ನಳಿಗೆಯೊಳಕ್ಕೆ ನುಗ್ಗಿತು. ಹಲವು ವರ್ಷಗಳ ಪ್ರಯತ್ನದ ಸಾರ ಇಷ್ಟೇ.

1805ರ ವೇಳೆಗೆ ಆತನ ಯಂತ್ರ ಸಿದ್ಧವಾಯಿತು. ನೋಡುವುದಕ್ಕೆ ಅತ್ತರಿನ ಸೀಸೆಯಂತಿದ್ದುದರಿಂದ ಅದಕ್ಕೆ ಅದೇ ಹೆಸರು ಬಂದಿತು. ಸೀಸೆಯನ್ನು ಒಮ್ಮೆ ತಿರುಗಿಸಿದರೆ ಅದರ ಒಂದು ತುದಿಯಿಂದ ಚಿಟಿಕೆಯಷ್ಟು ಪುಡಿ ತನ್ನ ಸ್ಥಾನಕ್ಕೆ ಬೀಳುವುದು. ಹಿಂದಕ್ಕೆ ತಿರುಗಿಸಿದರೆ ಇನ್ನೊಂದು ತುದಿಯ ಮೊಳೆ ಅದರ ಮೇಲೆ ನಿಲ್ಲುವುದು. ಕುದುರೆ ಆ ಮೊಳೆಗೆ ಬಡಿಯುವುದು. ಹೊರಗೆ ಮಿಂಚಿಲ್ಲ, ಗಾಳಿ ಮಳೆಗಳ ಹೆದರಿಕೆಯಿಲ್ಲ. ಆ ಋತುವಿನಲ್ಲಿ ಬೆಲ್‌ಹೆಲ್ವಿಯ ಹಕ್ಕಿಗಳಿಗೆ ಮುಳುಗಲು ಸಮಯ ಸಿಕ್ಕಲಿಲ್ಲ.

1806ರಲ್ಲಿ ಪಾದ್ರಿಯು ತನ್ನ ಕೋವಿಯನ್ನು ಲಂಡನ್ನಿಗೆ ಒಯ್ದನು. ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯದ ಶಸ್ತ್ರಾಸ್ತ್ರಗಳ ಮುಖ್ಯಾಧಿಕಾರಿಯಾಗಿದ್ದ ಲಾರ್ಡ್ ಮೊಯ್ರಾ ಈ ಯುಕ್ತಿಯ ಬೆಲೆಯನ್ನು ಕೂಡಲೇ ಅರಿತನು. ಪಾದ್ರಿಗೆ ಲಂಡನ್ ಗೋಪುರದಲ್ಲಿ ಕಾರ್ಯಶಾಲೆಯನ್ನು ಕೊಡಿಸಿ, ಸೈನ್ಯದ ಕೋವಿಗಳಿಗೆ ಹೊಂದುವಂತೆ ಯಂತ್ರವನ್ನು ಮಾಡಲು ಹೇಳಿದನು. ಆದರೆ 1807ರಲ್ಲಿ ಮಂತ್ರಿಮಂಡಲ ಬದಲಾಯಿತು. ಮೊಯ್ರಾನ ಸ್ಥಾನಕ್ಕೆ ಪ್ರಸಿದ್ಧ ಮಂತ್ರಿ ಕಿರಿಯ ಪಿಟ್ಟನ ಅಣ್ಣನಾದ ಲಾರ್ಡ್ ಚಾತಮ್ ಬಂದನು. ಪಾದ್ರಿಯು ತನ್ನ ಸಾಮಾನುಗಳನ್ನೆಲ್ಲ ಕಸದಂತೆ ಬಳಿದುಕೊಂಡು ಗೋಪುರವನ್ನು ಬಿಡಬೇಕೆಂದು ಅಪ್ಪಣೆಯಾಯಿತು. ಇತ್ತ ನೆಪೋಲಿಯನ್ನನು ಈ ರಹಸ್ಯಕ್ಕಾಗಿ 20,000 ಪೌಂಡುಗಳನ್ನು ಕೊಡಲು ಮುಂದಾದನೆಂದೂ, ಪಾದ್ರಿಯು ಅದನ್ನು ನಿರಾಕರಿಸಿದನೆಂದೂ ಪ್ರತೀತಿಯಿದೆ. ತನ್ನವರು ತಿರಸ್ಕರಿಸಿದ ವಸ್ತುವನ್ನು ಆತನು ಶತ್ರುವಿಗೆ ಮಾರಲಿಲ್ಲವೆಂಬುದಂತೂ ನಿಜ.

ಅದೇ ವರ್ಷ ಏಪ್ರಿಲ್ 11ರಂದು ಫೋರ್ಸೈತನಿಗೆ ಪೇಟೆಂಟ್ ದೊರೆಯಿತು. ಅದರ ವಿವರಣೆಯನ್ನು ಬರೆಯುವುದರಲ್ಲಿ ಆತನಿಗೆ ನೆರವಾದವನು ಉಗಿಯಂತ್ರದ ಜೇಮ್ಸ್ ವಾಟ್. ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಫೋರ್ಸೈತ್ ಕಂಪೆನಿಯ ಅಂಗಡಿ ತೆರೆಯಿತು. ಪಾದ್ರಿಯಾದರೋ ತನ್ನ ಹಳ್ಳಿಗೆ, ತನ್ನ ಉಪದೇಶಪೀಠಕ್ಕೆ ಹಿಂದಿರುಗಿದನು. ಆತನ ಯಂತ್ರ ಉತ್ತಮವಾದರೂ ಬೆಲೆ ಹೆಚ್ಚು, ಕೆಲಸ ಸೂಕ್ಷ್ಮ. ಸೀಸೆಯೊಳಗಿನ ಪುಡಿಯೂ ಅಪಾಯಕರವಾದುದು. ಇತರ ಕುಶಲಿಗಳು ಆ ಪುಡಿಯನ್ನು ಗುಳಿಗೆ ಮಾಡಿ ನೋಡಿದರು, ಕೊಳವೆಯಲ್ಲಿ ತುಂಬಿ ನೋಡಿದರು. ಕೊನೆಗೆ 1820ರ ಸುಮಾರಿಗೆ ತಾಮ್ರದ ಕೇಪು ಬಳಕೆಗೆ ಬಂದಿತು. ಅದನ್ನು ಮೊದಲು ಮಾಡಿದವರು ನಾವೇ ಎಂದು ಹಲವರು ವಾದಿಸಿದ್ದಾರೆ. ಏನೇ ಆಗಲಿ, ಪೆಟ್ಟಿನಿಂದ ಬೆಂಕಿ ಹೊತ್ತಿಸುವ ತತ್ತ್ವ ಫೋರ್ಸೈತನದು. ಜೋಸೆಫ್ ಮ್ಯಾಂಟನ್ನನಂಥ ಹೆಸರಾಂತ ಕೋವಿಗಾರರ ಮೇಲೆಯೂ ವ್ಯಾಜ್ಯ ಹೂಡಿ ಆತನ ಕಂಪೆನಿ ಗೆದ್ದಿತು. ಆದರೆ ಹದಿನಾಲ್ಕು ವರ್ಷಗಳ ಅವಧಿ 1821ರಲ್ಲಿ ಮುಗಿದುಹೋಯಿತು. ಅಲ್ಲಿಂದ ಮುಂದೆ ಆ ತತ್ತ್ವ ಯಾರ ಸೊತ್ತೂ ಅಲ್ಲ.

ಬೇಟೆಗಾರರು ಒಪ್ಪಿದ ವಸ್ತುವನ್ನು ಸೈನ್ಯ ಒಪ್ಪಲು ಇಪ್ಪತ್ತೇಳು ವರ್ಷಗಳು ಹಿಡಿದವು. 1834ರಲ್ಲಿ ವುಲಿಚ್ ಎಂಬಲ್ಲಿ ಆರು ಚಕಮಕಿ ಕೋವಿಗಳನ್ನೂ ಆರು ಹೊಸ ಬಗೆಯ ಕೋವಿಗಳನ್ನೂ ಬಿಸಿಲು ಮಳೆಯೆನ್ನದೆ ಪರೀಕ್ಷಿಸಿದರು. ಒಂದೊಂದು ಬಗೆಯಿಂದಲೂ 6,000 ಈಡು. ಚಕಮಕಿ ಕೋವಿಗಳು 922 ಸಲ ಹಾರದೆ ಕೈಕೊಟ್ಟವು. ಹೊಸ ಕೋವಿಗಳು 36 ಸಲ ಮಾತ್ರ. ಅಂದರೆ, ಹಳೆಯ ಕೋವಿಯನ್ನು ಹಿಡಿದ ಸಿಪಾಯಿಯು ಆರೇಳು ಸಲ ಕೀಲನ್ನೆಳೆದರೆ ಒಂದು ಸಲ ಅವನ ಕೈಯಲ್ಲಿದ್ದುದು ಬರಿಯ ದೊಣ್ಣೆ!

ಈ ಲೆಕ್ಕದ ಅರ್ಥವನ್ನು ನಮ್ಮ ದೇಶದವರೇ ಕೆಲವರು ತಮ್ಮ ಪ್ರಾಣವನ್ನು ಒಡ್ಡಿ ತಿಳಿಯಬೇಕಾಯಿತು. 1841ರ ಮೇ ತಿಂಗಳಲ್ಲಿ, ಚೀನದೊಡನೆ ಇಂಗ್ಲಿಷರು ಹೂಡಿದ ಅಫೀಮಿನ ಯುದ್ಧದಲ್ಲಿ, ಮದರಾಸಿನ 37ನೆಯ ದೇಶೀ ಪದಾತಿದಳದ ಒಂದು ತುಕಡಿಯು ಕ್ಯಾಂಟನ್ ನಗರದ ಬಳಿ ಬಿರುಮಳೆಯಲ್ಲಿ ದಾರಿತಪ್ಪಿ ಸಿಕ್ಕಿಬಿದ್ದಿತು. ಸುತ್ತಲೂ ರೊಚ್ಚಿಗೆದ್ದ ಹಳ್ಳಿಗರ ಗುಂಪು. ಸಿಪಾಯಿಗಳ ಕೈಯಲ್ಲಿದ್ದುದು ಚಕಮಕಿ ಕೋವಿ. ರಂಜಕವೆಲ್ಲ ನೆನೆದು ಒಂದೂ ಹಾರಲೊಲ್ಲದು. ಅವರು ಚೌಕಾಕಾರವಾಗಿ ನಿಂತು ಸನೀನುಗಳಿಂದಲೇ ಹೋರಾಡಿದರು. ಕೊನೆಗೆ ಕೇಪಿನ ಕೋವಿಗಳನ್ನು ಹಿಡಿದ ನೌಕಾಸೈನಿಕರು ಹುಡುಕಿಕೊಂಡು ಬಂದರು. ಅದೇ ಮಳೆಯಲ್ಲಿ ಅವರ ಕೋವಿಗಳು ಹಾರಿದವು, ಗುಂಪು ಚದರಿತು.

ಈ ಘಟನೆಯನ್ನು ಓದುವಾಗ ಮನಸ್ಸು ಎರಡಾಗುತ್ತದೆ. ಸಿಪಾಯಿಗಳು ಉಳಿದುಕೊಂಡರಲ್ಲಾ ಎಂಬ ನೆಮ್ಮದಿ ಒಂದು ಕಡೆ. ತಮ್ಮ ಹೊಲಮನೆಗಳಿಗೆ ನುಗ್ಗಿದ ಪರಕೀಯರನ್ನು ಎದುರಿಸಿದ ಆ ಹಳ್ಳಿಗರ ನೆನಪು ಇನ್ನೊಂದು ಕಡೆ. ಅವರಿಗೆ ಅಂದು ಮಳೆಯೊಂದೇ ಮಿತ್ರನಾಗಿದ್ದಿತು. ಪಾದ್ರಿಯ ಕಿಡಿ ಆ ಮಿತ್ರನನ್ನೂ ಅವರಿಂದ ಕಸಿದುಕೊಂಡಿತು. ಹಕ್ಕಿಗೆ ಮುನ್ಸೂಚನೆ ಸಿಕ್ಕಬಾರದೆಂದು ಒಬ್ಬ ಸಾಧುವಾದ ಮನುಷ್ಯನು ತನ್ನ ಕೊಟ್ಟಿಗೆಯಲ್ಲಿ ಮಾಡಿದ ಯುಕ್ತಿ, ಆತನು ಎಂದೂ ಕಾಣದ ದೇಶದಲ್ಲಿ, ಆತನಿಗೆ ಯಾವ ಕೇಡನ್ನೂ ಮಾಡದ ಜನರ ಮೇಲೆ ಪ್ರಯೋಗವಾಯಿತು. ಇದನ್ನು ಆತನ ಪಾಪವೆನ್ನಲು ಬಾರದು. ಆದರೆ ಆತನ ಚರಿತ್ರೆಯಿಂದ ಬಿಟ್ಟುಬಿಡುವುದೂ ನ್ಯಾಯವಲ್ಲ.

ಇಷ್ಟಾದರೂ ಪಾದ್ರಿಗೆ ದೊರೆತುದೇನು? ಸೈನ್ಯದ ಕೋವಿಗಳೆಲ್ಲ ಬದಲಾಗುತ್ತಿದ್ದಾಗ, ಸ್ನೇಹಿತರು ಸರಕಾರಕ್ಕೆ ಆತನ ಪರವಾಗಿ ಮೊರೆಯಿಟ್ಟರು. 1842ರಲ್ಲಿ 200 ಪೌಂಡುಗಳು ಮಂಜೂರಾದವು. 1843ರ ಜೂನ್ 11ರಂದು ಫೋರ್ಸೈತನು ಬೆಲ್‌ಹೆಲ್ವಿಯಲ್ಲಿ ತೀರಿಕೊಂಡನು. ಅನಂತರ ಆತನ ಬಂಧುಗಳಿಗೆ ಇನ್ನೂ 1,000 ಪೌಂಡುಗಳನ್ನು ಹಂಚಿದರು. ಯಾವ ಗೋಪುರದಿಂದ ಆತನನ್ನು ಹೊರಹಾಕಿದ್ದರೋ ಅದೇ ಲಂಡನ್ ಗೋಪುರದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಆತನ ಹೆಸರಿನ ಸ್ಮಾರಕಫಲಕವನ್ನು ನಿಲ್ಲಿಸಿದರು.

ಜಗಲಿಯ ಮಾತಿಗೆ ಮರಳೋಣ. ತೋಟಾ ಕೋವಿ, ಕೇಪಿನ ಕೋವಿ ಎಂದು ಹಿರಿಯರು ಎರಡು ಜಾತಿ ಮಾಡಿದರೂ, ತೋಟೆಯ ಬುಡವನ್ನು ತಿರುಗಿಸಿ ನೋಡಿದರೆ ಅದರ ನಡುವೆಯೂ ಒಂದು ಸಣ್ಣ ಕೇಪು ಇರುತ್ತದೆ. ಅದಕ್ಕೂ ಬೇಕಾದುದು ಒಂದು ಪೆಟ್ಟು. ಎರಡು ಜಾತಿಯ ಒಳಗೂ ಇರುವುದು ಒಂದೇ ಕಿಡಿ.

ವಿದ್ಯಾರ್ಥಿಗಳಾದ ನಮಗೆ ಈ ಜೀವನದಿಂದ ತಿಳಿಯುವುದು ಎರಡು ಮಾತು. ದೊಡ್ಡ ಪ್ರಯೋಗಶಾಲೆಯಿಲ್ಲವೆಂದು, ಹಳ್ಳಿಯಲ್ಲಿದ್ದೇವೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಎಲ್ಲರೂ ಕಂಡು ಬಿಟ್ಟುದನ್ನು ಒಬ್ಬನು ಬಿಡದೆ ಕಂಡರೆ ಸಾಕು. ಇದು ಮೊದಲನೆಯದು, ಉತ್ಸಾಹ ಕೊಡುವಂಥದು. ಎರಡನೆಯದು ಸ್ವಲ್ಪ ಭಾರವಾದುದು. ಕಿಡಿಯನ್ನು ಹುಟ್ಟಿಸುವುದು ನಮ್ಮ ಕೈಯಲ್ಲಿದೆ. ಅದು ಯಾರ ಕೈಯಲ್ಲಿ, ಯಾರ ಎದುರಿಗೆ ಹೊತ್ತುವುದೆಂಬುದು ನಮ್ಮ ಕೈಯಲ್ಲಿರುವುದಿಲ್ಲ. ಪೆಟ್ಟಿಗೆ ಬೆಂಕಿಯಾಗುವ ಪುಡಿಯನ್ನು ಎಷ್ಟು ಎಚ್ಚರದಿಂದ ಮುಟ್ಟಬೇಕೋ, ಹೊಸ ವಿದ್ಯೆಯನ್ನೂ ಅಷ್ಟೇ ಎಚ್ಚರದಿಂದ ಮುಟ್ಟಬೇಕಾಗಿದೆ.