ಎರಡು ಸಂಗೀತಗಳ ನಡುವೆ ಒಬ್ಬ ಉಸ್ತಾದ್



ನಮ್ಮ ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನಕ್ಕೆಂದು ನಾನು ಮತ್ತು ನನ್ನ ಗೆಳೆಯ ಒಂದು ಹಾಡು ಕೂಡಿಸುತ್ತಿದ್ದೆವು. ಅವನದು ಗಿಟಾರ್, ನನ್ನದು ಆಗಷ್ಟೇ ಕಲಿಯತೊಡಗಿದ್ದ ಭೀಮಪಲಾಸ್ ರಾಗ. ಇದರ ಹುಚ್ಚು ಹಿಡಿಸಿದವನು ಅವನೇ. ಡೀಪ್ ಪರ್ಪಲ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಆಲ್ಬಂ ಒಂದನ್ನು ಮೊಬೈಲಿನಲ್ಲಿ ಕೇಳಿಸಿದ್ದ. ತಂಡದ ಆರ್ಗನ್ ವಾದಕ ಜಾನ್ ಲಾರ್ಡ್ ರಚಿಸಿದ ಆ ಸಂಗೀತವನ್ನು 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಕ್ ತಂಡ ಮತ್ತು ಶಾಸ್ತ್ರೀಯ ವಾದ್ಯವೃಂದ ಒಂದೇ ವೇದಿಕೆಯ ಮೇಲೆ ಕೂಡಿ ನುಡಿಸಿದ್ದವು.

ನಮ್ಮ ಹಾಡು ಕೇಳಿದ ಹಿರಿಯರೊಬ್ಬರು ಇದು ಅತ್ತ ಶಾಸ್ತ್ರೀಯವೂ ಅಲ್ಲ, ಇತ್ತ ರಾಕ್ ಕೂಡ ಅಲ್ಲ ಎಂದು ನಕ್ಕರು. ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದೆ. ಇನ್ನು ಹಾಡುವುದೇ ಬೇಡ ಎಂದು ದಾದಾನ ಮುಂದೆ ಹೇಳಿದೆ. ದಾದಾ ಸಮಾಧಾನ ಹೇಳಲಿಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ಹಳೆಯ ರೆಕಾರ್ಡೊಂದನ್ನು ಹುಡುಕಿ ಹಚ್ಚಲು ಹೇಳಿದರು. ಅಂದಿನಿಂದ ಅವರ ಬಗ್ಗೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾನ್ ಸಾಹೇಬರು 1872ರ ನವೆಂಬರ್ 11ರಂದು ಉತ್ತರ ಪ್ರದೇಶದ ಕೈರಾನಾ ಊರಿನಲ್ಲಿ ಸಂಗೀತಗಾರರ ಮನೆತನದಲ್ಲಿ ಹುಟ್ಟಿದರು. ಆ ಊರಿನಿಂದಲೇ ಕಿರಾನಾ ಘರಾಣೆಗೆ ಹೆಸರು ಬಂದಿತು. ತಂದೆ ಕಾಲೇ ಖಾನ್ ಮತ್ತು ಚಿಕ್ಕಪ್ಪ ಅಬ್ದುಲ್ಲಾ ಖಾನ್ ಅವರಿಂದ ಕಲಿತು, ಹರೆಯದಲ್ಲೇ ಬರೋಡಾದ ಆಸ್ಥಾನ ಸೇರಿದರು. ಮುಂದೆ ದಕ್ಷಿಣಕ್ಕೆ ಬಂದು ಮಿರಜದಲ್ಲಿ ನೆಲೆ ನಿಂತರು. ನಮ್ಮ ಲೋಕಾಪುರದಿಂದ ಮುಧೋಳ, ಜಮಖಂಡಿ ದಾಟಿ ಹೋದರೆ ಸಿಗುವ, ಸಿತಾರ್ ತಂಬೂರಿಗಳಿಗೆ ಹೆಸರಾದ ಅದೇ ಮಿರಜ.

ಮೈಸೂರು ಅರಮನೆಯಿಂದ ಅವರಿಗೆ ಕರೆ ಬರುತ್ತಿತ್ತು. ಅಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಕೇಳಿದರು. ಆ ಕಾಲಕ್ಕೆ ಉತ್ತರಾದಿ ಮತ್ತು ದಕ್ಷಿಣಾದಿ ಸಂಗೀತಗಳ ನಡುವೆ ಕೊಡುಕೊಳ್ಳುವುದು ಬಹಳ ಕಡಿಮೆ. ಖಾನ್ ಸಾಹೇಬರು ಮಾತ್ರ ಶಿಷ್ಯನಂತೆ ಕೂತು ಕೇಳಿ ಕಲಿತರು. ದಕ್ಷಿಣದವರು ಸ್ವರ ಹಾಡುವ ರೀತಿಯನ್ನು ತಮ್ಮ ಖಯಾಲಿಗೆ ತಂದರು. ಖರಹರಪ್ರಿಯ ರಾಗದಲ್ಲಿ ತ್ಯಾಗರಾಜರ ತೆಲುಗು ಕೃತಿಯನ್ನು ಹಾಡಿ ರೆಕಾರ್ಡ್ ಮಾಡಿಸಿದರು. ಕೈರಾನಾದ ಉಸ್ತಾದರೊಬ್ಬರ ದನಿಯಲ್ಲಿ ರಾಮನ ಕೃತಿ! ಅದನ್ನು ಕೇಳಿದಾಗ ಎಲ್ಲಿ ಒಂದು ಸಂಗೀತ ಮುಗಿದು ಇನ್ನೊಂದು ಶುರುವಾಯಿತೆಂದು ನನಗೆ ತಿಳಿಯಲಿಲ್ಲ. ನಮ್ಮ ಹಾಡಿನಲ್ಲಿ ಆ ಹೊಲಿಗೆ ಎದ್ದು ಕಾಣುತ್ತಿತ್ತು.

ವ್ಯತ್ಯಾಸವೇನೆಂದು ದಾದಾನನ್ನು ಕೇಳಿದೆ. ಅವರು ಷಡ್ಜದ ಕಡೆಗೆ ಗಮನ ಕೊಡಲು ಹೇಳಿದರು. ಖಾನ್ ಸಾಹೇಬರ ದನಿ ತೆಳುವು, ಎತ್ತರದ್ದು. ಅಬ್ಬರವಿಲ್ಲ. ಆದರೆ ಸ್ವರ ಕೂದಲೆಳೆಯಷ್ಟೂ ಅಲುಗುವುದಿಲ್ಲ. ನಿಧಾನವಾಗಿ ಒಂದೊಂದೇ ಸ್ವರವನ್ನು ಬಿಡಿಸುತ್ತ ಹೋಗುವುದು ಕಿರಾನಾದ ಗುಣ. ತಮ್ಮ ಸ್ವರ ಅಷ್ಟು ಗಟ್ಟಿಯಾಗಿದ್ದುದರಿಂದಲೇ ಅವರು ಪರರ ಸಂಗೀತದ ಮನೆಗೆ ಹೆದರದೆ ಹೋಗಿ ಬಂದರು.

ಅವರ ಶಿಷ್ಯರಲ್ಲಿ ಪ್ರಮುಖರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರೇ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಖಾನ್ ಸಾಹೇಬರ ಠುಮ್ರಿಯ ರೆಕಾರ್ಡ್ ಕೇಳಿ ಮರುಳಾಗಿ, ಗುರುವನ್ನು ಹುಡುಕಿ 1933ರಲ್ಲಿ ಮನೆ ಬಿಟ್ಟು ಹೋದ. ಮುಂದೆ ಆತನೇ ಭಾರತರತ್ನನಾದ. ಮೂರು ನಿಮಿಷದ ಒಂದು ತಟ್ಟೆ ಎಂಥ ಕೆಲಸ ಮಾಡಿತು ನೋಡಿ!

1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ರೈಲಿನಲ್ಲಿ ಅವರ ಆರೋಗ್ಯ ಕೆಟ್ಟಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಹಿಡಿಸಿ, ದರ್ಬಾರಿ ರಾಗದಲ್ಲಿ ಅಲ್ಲಾಹನನ್ನು ನೆನೆಯುತ್ತ ಕಣ್ಣು ಮುಚ್ಚಿದರು ಎನ್ನುತ್ತಾರೆ. ಮಿರಜದ ಮೀರಾಸಾಹೇಬ್ ದರ್ಗಾದ ಬಳಿ ಅವರ ಗೋರಿ ಇದೆ. ಅವರ ನೆನಪಿಗೆ ಅಲ್ಲಿ ಇಂದಿಗೂ ಪ್ರತಿವರ್ಷ ಗಾಯಕರು ಹಾಡುತ್ತಾರೆ.

ಆ ಸಮ್ಮೇಳನದಲ್ಲಿ ನಾವು ಹಾಡಲಿಲ್ಲ. ನಕ್ಕವರಿಗೆ ಹೆದರಿ ಅಲ್ಲ, ನಮ್ಮ ಹಾಡು ಇನ್ನೂ ಕಾಯಿ ಎಂದು ನಮಗೇ ತಿಳಿದದ್ದರಿಂದ. ಈಗ ಫಜರ್ ನಮಾಜಿನ ನಂತರ ಅರ್ಧ ಗಂಟೆ ಷಡ್ಜ ಹಿಡಿಯುತ್ತೇನೆ. ಗೆಳೆಯ ತನ್ನ ಮನೆಯಲ್ಲಿ ಗಿಟಾರಿನ ಒಂದೇ ಪಾಠವನ್ನು ತಿರುತಿರುಗಿ ನುಡಿಸುತ್ತಾನೆ. ಹಣ್ಣಾದ ದಿನ ಮತ್ತೆ ಕೂಡುತ್ತೇವೆ. ಅಂದು ನೀವೆಲ್ಲ ಕೇಳಲು ಬರಬೇಕು.