ಟಿ. ಇ. ಲಾರೆನ್ಸ್ (1888–1935): ಶಿರಸ್ತ್ರಾಣ ನಿಯಮದ ಹಿಂದಿರುವ ಒಂದು ಜೀವನಕಥೆ

ಪೀಠಿಕೆ

ದ್ವಿಚಕ್ರ ವಾಹನದ ಚಾಲನಾ ಅನುಜ್ಞಾ ಪತ್ರ ಕೋರಿ ಅರ್ಜಿ ಸಲ್ಲಿಸುವ ಪ್ರತಿಯೊಬ್ಬರಿಗೂ ಶಿರಸ್ತ್ರಾಣ, ಅಂದರೆ ಹೆಲ್ಮೆಟ್, ಧರಿಸುವುದು ಕಡ್ಡಾಯವೆಂದು ತಿಳಿಸಲಾಗುತ್ತದೆ. ಈ ನಿಯಮವನ್ನು ಅರಿಯದವರು ವಿರಳ. ಆದರೆ ಇದು ಜಾರಿಗೆ ಬಂದ ಬಗೆಯನ್ನು ಅರಿತವರು ಇನ್ನೂ ವಿರಳ. ದಂಡಕ್ಕೆ ಹೆದರಿ ಶಿರಸ್ತ್ರಾಣ ಧರಿಸುವವನು ಪೊಲೀಸರಿಲ್ಲದ ರಸ್ತೆಯಲ್ಲಿ ಅದನ್ನು ಕಳಚುತ್ತಾನೆ. ಕಾರಣವನ್ನು ಅರಿತವನು ಕಳಚುವುದಿಲ್ಲ. ಆದುದರಿಂದ, ಈ ನಿಯಮದ ಇತಿಹಾಸದೊಂದಿಗೆ ಹೆಸರು ಬೆಸೆದುಕೊಂಡಿರುವ ಪ್ರಸಿದ್ಧ ವ್ಯಕ್ತಿಯೊಬ್ಬರ ಜೀವನವನ್ನು ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಥಾಮಸ್ ಎಡ್ವರ್ಡ್ ಲಾರೆನ್ಸ್ ಅವರು 1888ರ ಆಗಸ್ಟ್ 16ರಂದು ವೇಲ್ಸ್ ಪ್ರಾಂತ್ಯದ ಟ್ರೆಮಡಾಗ್ ಎಂಬ ಊರಿನಲ್ಲಿ ಜನಿಸಿದರು. 1896ರಲ್ಲಿ ಕುಟುಂಬವು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ನೆಲೆಸಿತು. ಅಲ್ಲಿನ ಜೀಸಸ್ ಕಾಲೇಜಿನಲ್ಲಿ ಅವರು ಇತಿಹಾಸವನ್ನು ಅಭ್ಯಸಿಸಿದರು. ಮಧ್ಯಯುಗದ ಧರ್ಮಯುದ್ಧಗಳ ಕಾಲದ ಕೋಟೆಗಳ ಅಧ್ಯಯನಕ್ಕಾಗಿ 1909ರಲ್ಲಿ ಸಿರಿಯಾ ದೇಶವನ್ನು ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿಯೇ ಸುತ್ತಿದರು. 1910ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. 1911ರಿಂದ 1914ರವರೆಗೆ ಯೂಫ್ರೆಟಿಸ್ ನದಿಯ ದಡದ ಕಾರ್ಕೆಮಿಶ್ ಎಂಬಲ್ಲಿ ಪ್ರಾಚ್ಯವಸ್ತು ಉತ್ಖನನದಲ್ಲಿ ತೊಡಗಿದ್ದರು. ಅರಬ್ಬೀ ಭಾಷೆಯೂ ಆ ನಾಡಿನ ಜನಜೀವನವೂ ಅವರಿಗೆ ಪರಿಚಿತವಾದದ್ದು ಈ ವರ್ಷಗಳಲ್ಲಿ.

ಮರುಭೂಮಿಯ ಸಮರ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವರನ್ನು ಕೈರೋ ನಗರದ ಬ್ರಿಟಿಷ್ ಸೇನಾ ಗುಪ್ತಚರ ವಿಭಾಗಕ್ಕೆ ನಿಯೋಜಿಸಲಾಯಿತು. 1916ರಲ್ಲಿ ತುರ್ಕರ ಆಳ್ವಿಕೆಯ ವಿರುದ್ಧ ಅರಬರು ಬಂಡೆದ್ದರು. ಲಾರೆನ್ಸ್ ಅವರು ಅಮೀರ್ ಫೈಸಲ್ ಅವರ ಪಡೆಗಳೊಂದಿಗೆ ಸೇರಿ ಹಿಜಾಜ್ ರೈಲುಮಾರ್ಗವನ್ನು ಅಲ್ಲಲ್ಲಿ ಭೇದಿಸುವ ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡರು. 1917ರ ಜುಲೈ ತಿಂಗಳಲ್ಲಿ ಅಕಾಬಾ ಬಂದರು ಅರಬರ ವಶವಾಯಿತು. 1918ರ ಅಕ್ಟೋಬರ್‌ನಲ್ಲಿ ದಮಾಸ್ಕಸ್ ಪತನಗೊಂಡಿತು. ಈ ಸಾಹಸಗಳಿಂದಾಗಿ ಅವರು ಅರೇಬಿಯಾದ ಲಾರೆನ್ಸ್ ಎಂದು ಲೋಕಪ್ರಸಿದ್ಧರಾದರು. ಡೇವಿಡ್ ಲೀನ್ ಅವರು 1962ರಲ್ಲಿ ಇದೇ ಹೆಸರಿನಲ್ಲಿ ನಿರ್ದೇಶಿಸಿದ ಚಲನಚಿತ್ರವನ್ನು ಅನೇಕರು ನೋಡಿರಬಹುದು.

ಯುದ್ಧಾನಂತರ ಆ ಪ್ರದೇಶವನ್ನು ಬ್ರಿಟನ್ ಮತ್ತು ಫ್ರಾನ್ಸ್ ತಮ್ಮೊಳಗೆ ಹಂಚಿಕೊಂಡವು. ಅರಬರಿಗೆ ಕೊಟ್ಟ ಮಾತು ಉಳಿಯಲಿಲ್ಲವೆಂಬ ಕೊರಗು ಲಾರೆನ್ಸ್ ಅವರನ್ನು ಬಾಧಿಸಿತು. 1922ರಲ್ಲಿ ಅವರು ಉನ್ನತ ಸ್ಥಾನಮಾನಗಳನ್ನು ತೊರೆದು, ಹೆಸರನ್ನು ಮರೆಮಾಚಿ, ರಾಯಲ್ ಏರ್ ಫೋರ್ಸ್‌ನಲ್ಲಿ ಸಾಮಾನ್ಯ ಸೇವಕನಾಗಿ ಸೇರಿದರು. ಗುಟ್ಟು ಬಯಲಾದುದರಿಂದ ಅಲ್ಲಿಂದ ಹೊರಬಂದು 1923ರಲ್ಲಿ ಡಾರ್ಸೆಟ್ ಪ್ರಾಂತ್ಯದ ಬೋವಿಂಗ್ಟನ್ ಶಿಬಿರದಲ್ಲಿ ಟ್ಯಾಂಕ್ ದಳದ ಸೈನಿಕರಾದರು. ಶಿಬಿರಕ್ಕೆ ಸಮೀಪದಲ್ಲಿದ್ದ ಕ್ಲೌಡ್ಸ್ ಹಿಲ್ ಎಂಬ ಪುಟ್ಟ ಮನೆಯನ್ನು ಆಗ ತಮ್ಮದಾಗಿಸಿಕೊಂಡರು. 1925ರಲ್ಲಿ ವಾಯುಪಡೆಗೆ ಮರಳಿದರು. ಮರುಭೂಮಿಯ ಸಮರವನ್ನು ಕುರಿತ ಅವರ ಬೃಹತ್ ಗ್ರಂಥವು 1926ರಲ್ಲಿ ಚಂದಾದಾರರಿಗೆ ಮಾತ್ರ ಮುದ್ರಣಗೊಂಡಿತು. 1927 ಮತ್ತು 1928ರಲ್ಲಿ ಅವರು ಅಂದಿನ ಬ್ರಿಟಿಷ್ ಇಂಡಿಯಾದ ಕರಾಚಿ ಹಾಗೂ ವಾಯವ್ಯ ಗಡಿಯ ಮಿರಾನ್‌ಶಾಹ್ ಠಾಣೆಗಳಲ್ಲಿ ಸೇವೆ ಸಲ್ಲಿಸಿದರು.

ಮೋಟಾರು ಸೈಕಲ್ ಸವಾರ

ಲಾರೆನ್ಸ್ ಅವರಿಗೆ ಮೋಟಾರು ಸೈಕಲ್ ಎಂದರೆ ಅಪಾರ ಪ್ರೀತಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಜಾರ್ಜ್ ಬ್ರಫ್ ಅವರು ತಯಾರಿಸುತ್ತಿದ್ದ ಬ್ರಫ್ ಸುಪೀರಿಯರ್ ವಾಹನಗಳು ಆ ಕಾಲದ ಅತ್ಯುತ್ತಮ ಯಂತ್ರಗಳೆಂದು ಹೆಸರಾಗಿದ್ದವು. 1922ರಿಂದ 1932ರವರೆಗೆ ಲಾರೆನ್ಸ್ ಅವರು ಒಂದಾದ ಮೇಲೊಂದರಂತೆ ಇಂತಹ ಏಳು ವಾಹನಗಳನ್ನು ಹೊಂದಿದ್ದರು. ಎಂಟನೆಯದಕ್ಕೆ ಬೇಡಿಕೆ ಸಲ್ಲಿಸಿದ್ದರು. ಏಳನೆಯ ವಾಹನವು ಎಸ್‌ಎಸ್ 100 ಮಾದರಿಯದು. ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, ವೇಗದ ಭರವಸೆಯೊಂದಿಗೆ ಆ ಮಾದರಿಯನ್ನು ಮಾರಲಾಗುತ್ತಿತ್ತು.

ಅವರು ಅನನುಭವಿ ಸವಾರರಾಗಿರಲಿಲ್ಲ. 1926ರ ಸೆಪ್ಟೆಂಬರ್ ವೇಳೆಗೆ, ನಾಲ್ಕು ವರ್ಷಗಳಲ್ಲಿ, ಐದು ವಾಹನಗಳ ಮೇಲೆ ಒಟ್ಟು ಒಂದು ಲಕ್ಷ ಮೈಲಿ ಕ್ರಮಿಸಿರುವುದಾಗಿ ತಯಾರಕರಿಗೆ ಪತ್ರ ಬರೆದಿದ್ದರು. ವಾಹನದ ಪ್ರತಿಯೊಂದು ಭಾಗದ ಗುಣದೋಷಗಳೂ ಅವರಿಗೆ ತಿಳಿದಿದ್ದವು. ಕ್ರಾನ್‌ವೆಲ್ ವಾಯುನೆಲೆಯಲ್ಲಿದ್ದಾಗ ವಿಮಾನವೊಂದರೊಡನೆ ರಸ್ತೆಯಲ್ಲಿ ಪಂದ್ಯ ಹೂಡಿದ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಆದರೆ ಅಂದಿನ ಸವಾರರ ವಾಡಿಕೆಯಂತೆ ಅವರೂ ಶಿರಸ್ತ್ರಾಣ ಧರಿಸುತ್ತಿರಲಿಲ್ಲ.

ಶಿರಸ್ತ್ರಾಣ ಆಗ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ವೈದ್ಯರಾಗಿದ್ದ ಎರಿಕ್ ಗಾರ್ಡ್ನರ್ ಅವರು ತಲೆಗೆ ಪೆಟ್ಟು ಬಿದ್ದ ಸವಾರರನ್ನು ಮೇಲಿಂದ ಮೇಲೆ ಕಂಡು, ಕ್ಯಾನ್ವಾಸ್ ಬಟ್ಟೆ ಮತ್ತು ಅರಗಿನಿಂದ ಗಟ್ಟಿ ಟೋಪಿಯನ್ನು ಸಿದ್ಧಪಡಿಸಿದ್ದರು. 1914ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಅದನ್ನು ಕಡ್ಡಾಯಗೊಳಿಸಲಾಗಿತ್ತು. ಆದರೆ ಅದು ಪಂದ್ಯದ ಸವಾರರಿಗೆ ಬೇಕಾದ ವಸ್ತುವೇ ಹೊರತು ನಿತ್ಯದ ರಸ್ತೆಗೆ ಬೇಕಾದುದಲ್ಲವೆಂಬ ಭಾವನೆ ಜನರಲ್ಲಿ ಉಳಿದುಬಿಟ್ಟಿತು.

ಜೀವರಕ್ಷಣೆಯ ದೋಣಿಗಳು

ಲಾರೆನ್ಸ್ ಅವರ ಸೇವೆಯ ಕೊನೆಯ ವರ್ಷಗಳ ಕಾರ್ಯವು ಉಲ್ಲೇಖಾರ್ಹವಾಗಿದೆ. 1931ರ ಫೆಬ್ರವರಿಯಲ್ಲಿ ಪ್ಲಿಮತ್ ಬಳಿ ಸಮುದ್ರ ವಿಮಾನವೊಂದು ನೀರಿಗೆ ಅಪ್ಪಳಿಸಿತು. ಅಲ್ಲಿಯೇ ಸೇವೆಯಲ್ಲಿದ್ದ ಅವರು ರಕ್ಷಣಾ ಕಾರ್ಯದಲ್ಲಿ ಪಾಲ್ಗೊಂಡರು. ಇಂತಹ ಸಂದರ್ಭಗಳಿಗೆ ವೇಗದ ದೋಣಿಗಳು ಅವಶ್ಯವೆಂದು ಮನಗಂಡು, ಅವುಗಳ ಪರೀಕ್ಷೆ ಮತ್ತು ಸುಧಾರಣೆಯಲ್ಲಿ ವರ್ಷಗಟ್ಟಲೆ ದುಡಿದರು. 1935ರ ಫೆಬ್ರವರಿ ಕೊನೆಯಲ್ಲಿ ನಿವೃತ್ತರಾಗಿ ಕ್ಲೌಡ್ಸ್ ಹಿಲ್ ಮನೆಗೆ ಮರಳಿದರು.

1935ರ ಮೇ 13

ಅಂದು ಬೆಳಿಗ್ಗೆ ಲಾರೆನ್ಸ್ ಅವರು ಬೋವಿಂಗ್ಟನ್ ಶಿಬಿರದ ಅಂಚೆ ಕಚೇರಿಗೆ ಹೋಗಿ, ಸ್ನೇಹಿತರೊಬ್ಬರನ್ನು ಊಟಕ್ಕೆ ಆಹ್ವಾನಿಸಿ ತಂತಿ ಕಳುಹಿಸಿದರು. ಮನೆಗೂ ಶಿಬಿರಕ್ಕೂ ಎರಡು ಮೈಲಿಗಿಂತ ಕಡಿಮೆ ದೂರ. ಅವರು ಲೆಕ್ಕವಿಲ್ಲದಷ್ಟು ಬಾರಿ ಸಂಚರಿಸಿದ್ದ ರಸ್ತೆ ಅದು. ಅಲ್ಲಿ ಒಂದು ಕಡೆ ರಸ್ತೆಯು ತಗ್ಗಿಗೆ ಇಳಿದು ಮೇಲೇರುವುದರಿಂದ ಮುಂದಿರುವವರು ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಂತಿರುಗುವಾಗ ಆ ಸ್ಥಳದಲ್ಲಿ ಅದೇ ದಿಕ್ಕಿನಲ್ಲಿ ಸೈಕಲ್‌ಗಳ ಮೇಲೆ ಸಾಗುತ್ತಿದ್ದ ಇಬ್ಬರು ಹುಡುಗರು ಅವರಿಗೆ ಹಠಾತ್ತನೆ ಎದುರಾದರು. ಅವರನ್ನು ತಪ್ಪಿಸಲು ವಾಹನವನ್ನು ಪಕ್ಕಕ್ಕೆ ತಿರುಗಿಸಿದಾಗ ಒಂದು ಸೈಕಲ್ ತಗುಲಿ, ಲಾರೆನ್ಸ್ ಅವರು ಹ್ಯಾಂಡಲ್ ಮೇಲಿಂದ ಎಸೆಯಲ್ಪಟ್ಟರು. ಹುಡುಗರು ಬದುಕುಳಿದರು. ಲಾರೆನ್ಸ್ ಅವರ ತಲೆಬುರುಡೆ ಒಡೆದು ಮೆದುಳಿಗೆ ತೀವ್ರ ಪೆಟ್ಟಾಗಿತ್ತು.

ಶಿಬಿರದ ಸೇನಾ ಆಸ್ಪತ್ರೆಯಲ್ಲಿ ಆರು ದಿನಗಳ ಕಾಲ ಅವರಿಗೆ ಪ್ರಜ್ಞೆ ಮರಳಲಿಲ್ಲ. ಮೇ 19ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಮೇ 21ರಂದು ಸಮೀಪದ ಮೋರ್ಟನ್ ಗ್ರಾಮದಲ್ಲಿ ಅವರ ಅಂತ್ಯಸಂಸ್ಕಾರ ನೆರವೇರಿತು. ವಿನ್‌ಸ್ಟನ್ ಚರ್ಚಿಲ್ ಅವರು ಉಪಸ್ಥಿತರಿದ್ದರು. ಅಂದೇ ನಡೆದ ಮರಣ ವಿಚಾರಣೆಯಲ್ಲಿ ಇದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಲಾಯಿತು. ವಾಹನದ ವೇಗ ಎಷ್ಟಿತ್ತು, ಎದುರಿನಿಂದ ಕಾರೊಂದು ಬಂದಿತ್ತೇ ಎಂಬ ವಿಷಯಗಳಲ್ಲಿ ಭಿನ್ನಾಭಿಪ್ರಾಯಗಳು ಉಳಿದವು. ತಲೆಗೆ ರಕ್ಷಣೆ ಇರಲಿಲ್ಲ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಬ್ರಿಟನ್ನಿನ ರಸ್ತೆಗಳಲ್ಲಿ 1934ರ ಒಂದೇ ವರ್ಷ 7,343 ಜನರು ಮೃತಪಟ್ಟಿದ್ದರು. ಜನವಸತಿ ಪ್ರದೇಶಗಳಲ್ಲಿ ಗಂಟೆಗೆ 30 ಮೈಲಿ ವೇಗಮಿತಿಯು 1935ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತ್ತು. ಹೊಸ ಚಾಲಕರಿಗೆ ಚಾಲನಾ ಪರೀಕ್ಷೆಯು ಕಡ್ಡಾಯವಾದದ್ದು 1935ರ ಜೂನ್ 1ರಂದು, ಲಾರೆನ್ಸ್ ಅವರು ಮರಣಿಸಿದ ಎರಡು ವಾರಗಳ ನಂತರ. ಶಿರಸ್ತ್ರಾಣದ ನಿಯಮ ಮಾತ್ರ ಇನ್ನೂ ಬಹುದೂರವಿತ್ತು.

ವೈದ್ಯರ ಸಂಶೋಧನೆ

ಲಾರೆನ್ಸ್ ಅವರ ಚಿಕಿತ್ಸೆಗಾಗಿ ಕರೆಸಲಾದ ತಜ್ಞರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರಿದ್ದರು. 1896ರಲ್ಲಿ ಆಸ್ಟ್ರೇಲಿಯಾದಲ್ಲಿ ಜನಿಸಿದ ಅವರು ಅಮೆರಿಕದಲ್ಲಿ ಹಾರ್ವೆ ಕುಶಿಂಗ್ ಅವರ ಬಳಿ ತರಬೇತಿ ಪಡೆದಿದ್ದರು. ಆರು ದಿನಗಳ ಪ್ರಯತ್ನ ಫಲಿಸದೆ ಹೋದುದನ್ನು ಅವರು ಮರೆಯಲಿಲ್ಲ. ಮೋಟಾರು ಸೈಕಲ್ ಸವಾರರ ತಲೆಯ ಗಾಯಗಳನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡತೊಡಗಿದರು.

1941ರ ಅಕ್ಟೋಬರ್‌ನಲ್ಲಿ ಅವರ ಲೇಖನವು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳುಗಳಲ್ಲಿ ಬ್ರಿಟನ್ನಿನಲ್ಲಿ 2,279 ಮೋಟಾರು ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು ಅಪಘಾತಗಳಲ್ಲಿ ಮೃತಪಟ್ಟಿದ್ದರು. ಸಾವಿಗೆ ಮುಖ್ಯ ಕಾರಣ ತಲೆಯ ಗಾಯ. ಶಿರಸ್ತ್ರಾಣ ಧರಿಸಿದ್ದು ಅಪಘಾತಕ್ಕೀಡಾದ ಕೇವಲ ಏಳು ಪ್ರಕರಣಗಳು ಅವರಿಗೆ ದೊರೆತಿದ್ದವು. ಆ ಏಳೂ ಮಂದಿ ಬದುಕುಳಿದಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆಯು ಕರ್ತವ್ಯನಿರತ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಆನಂತರ ಸವಾರರ ಸಾವಿನ ಸಂಖ್ಯೆಯಲ್ಲಿ ಕಂಡುಬಂದ ಇಳಿಕೆಯನ್ನು ಕೇರ್ನ್ಸ್ ಅವರು 1946ರ ಲೇಖನದಲ್ಲಿ ದಾಖಲಿಸಿದರು.

1952ರಲ್ಲಿ ಕೇರ್ನ್ಸ್ ಅವರು ನಿಧನರಾದರು. ಬ್ರಿಟನ್ನಿನ ಎಲ್ಲ ಮೋಟಾರು ಸೈಕಲ್ ಸವಾರರಿಗೆ ಶಿರಸ್ತ್ರಾಣ ಕಡ್ಡಾಯವಾದದ್ದು 1973ರ ಜೂನ್ 1ರಂದು. ಲಾರೆನ್ಸ್ ಅವರ ಮರಣದಿಂದ ಆ ದಿನದವರೆಗೆ 38 ವರ್ಷಗಳು ಸಂದಿದ್ದವು.

ಶಿರಸ್ತ್ರಾಣ ಕಾಪಾಡುವ ಬಗೆ

ಸವಾರನು ಬಿದ್ದಾಗ ತಲೆಯು ಕ್ಷಣಮಾತ್ರದಲ್ಲಿ ನಿಂತುಬಿಡುತ್ತದೆ. ಒಳಗಿರುವ ಮೆದುಳು ಮಾತ್ರ ಚಲನೆಯನ್ನು ಮುಂದುವರಿಸಿ ಬುರುಡೆಗೆ ಬಡಿಯುತ್ತದೆ. ಶಿರಸ್ತ್ರಾಣದ ಹೊರಗಿನ ಗಟ್ಟಿ ಕವಚವು ಪೆಟ್ಟನ್ನು ಒಂದೇ ಬಿಂದುವಿನಲ್ಲಿ ನಿಲ್ಲಗೊಡದೆ ಹರಡುತ್ತದೆ. ಒಳಗಿನ ಮೆತ್ತೆಯು ಕುಗ್ಗಿ, ತಲೆ ನಿಲ್ಲುವ ಅವಧಿಯನ್ನು ಕಿಂಚಿತ್ ಹೆಚ್ಚಿಸುತ್ತದೆ. ಈ ಅಲ್ಪ ಅವಧಿಯೇ ಪ್ರಾಣವನ್ನು ಉಳಿಸುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಮೆತ್ತೆಯು ಮತ್ತೆ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಗಲ್ಲದ ಪಟ್ಟಿಯನ್ನು ಬಿಗಿಯದಿದ್ದರೆ ಶಿರಸ್ತ್ರಾಣವು ತಲೆ ನೆಲಕ್ಕೆ ತಗಲುವ ಮೊದಲೇ ಕಳಚಿ ಹೋಗುತ್ತದೆ.

ಅರ್ಜಿದಾರರ ಗಮನಕ್ಕೆ

ಲಾರೆನ್ಸ್ ಅವರ ಜೀವನದಿಂದ ತಿಳಿದುಬರುವ ವಿಷಯ ಸರಳವಾಗಿದೆ. ಅವರಲ್ಲಿ ಕೌಶಲವಿತ್ತು, ಅನುಭವವಿತ್ತು, ರಸ್ತೆಯ ಪರಿಚಯವಿತ್ತು. ದೂರವೂ ಅಲ್ಪವಾಗಿತ್ತು. ಹತ್ತಿರದ ಅಂಗಡಿಗೆ ಹೋಗಿಬರಲು ಶಿರಸ್ತ್ರಾಣವೇಕೆ ಎಂದು ಕೇಳುವವರು ಕೊಡುವ ಕಾರಣಗಳೂ ಇವೇ ಆಗಿವೆ. ಇವುಗಳಲ್ಲಿ ಒಂದೂ ಅವರನ್ನು ಕಾಪಾಡಲಿಲ್ಲ. ಇತರರ ಪ್ರಾಣ ಉಳಿಸಲು ವಾಹನವನ್ನು ತಿರುಗಿಸಬೇಕಾದ ಕ್ಷಣವು ಯಾವ ಸವಾರನಿಗೂ ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವನ್ನು ಮೋಟಾರು ವಾಹನಗಳ ಕಾಯ್ದೆ, 1988 ನಿಯಂತ್ರಿಸುತ್ತದೆ. ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಕಾಯ್ದೆಯ ಕಲಂ 129ರಂತೆ ಸವಾರರೂ ಹಿಂಬದಿ ಸವಾರರೂ ನಿಗದಿತ ಗುಣಮಟ್ಟದ ಶಿರಸ್ತ್ರಾಣವನ್ನು ಧರಿಸಿ, ಪಟ್ಟಿಯನ್ನು ಭದ್ರವಾಗಿ ಬಿಗಿದುಕೊಂಡಿರತಕ್ಕದ್ದು. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಇದನ್ನು 2016ರ ಜನವರಿಯಲ್ಲಿ ಕಡ್ಡಾಯಗೊಳಿಸಲಾಯಿತು.

2. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಿರಸ್ತ್ರಾಣ ಮತ್ತು ಸುರಕ್ಷತಾ ಪಟ್ಟಿ ಇರತಕ್ಕದ್ದು. ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ವೇಗವು ಗಂಟೆಗೆ 40 ಕಿಲೋಮೀಟರ್ ಮೀರತಕ್ಕದ್ದಲ್ಲ. ಈ ನಿಯಮವು 2023ರ ಫೆಬ್ರವರಿಯಿಂದ ಅನ್ವಯವಾಗಿದೆ.

3. ಐಎಸ್‌ಐ ಗುರುತಿರುವ ಶಿರಸ್ತ್ರಾಣವನ್ನೇ ಖರೀದಿಸುವುದು. ಗುರುತಿಲ್ಲದ ದ್ವಿಚಕ್ರ ಶಿರಸ್ತ್ರಾಣಗಳ ಮಾರಾಟವನ್ನು 2021ರ ಜೂನ್‌ನಿಂದ ನಿಷೇಧಿಸಲಾಗಿದೆ.

4. ಕಲಂ 194-ಡಿ ಪ್ರಕಾರ ಉಲ್ಲಂಘನೆಗೆ ಒಂದು ಸಾವಿರ ರೂಪಾಯಿ ದಂಡ ಹಾಗೂ ಮೂರು ತಿಂಗಳ ಅವಧಿಗೆ ಅನುಜ್ಞಾ ಪತ್ರ ಹೊಂದಲು ಅನರ್ಹತೆಯನ್ನು ವಿಧಿಸಲಾಗಿದೆ. ಸ್ಥಳದಲ್ಲಿ ಪಾವತಿಸಬಹುದಾದ ಮೊತ್ತವನ್ನು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ.

5. ಕಲಿಕಾ ಅನುಜ್ಞಾ ಪತ್ರವು ಆರು ತಿಂಗಳ ಕಾಲ ಊರ್ಜಿತವಾಗಿರುತ್ತದೆ. ಅದನ್ನು ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಕಲಿಕೆಯ ಅವಧಿಯಲ್ಲಿ ವಾಹನದ ಮುಂದೆಯೂ ಹಿಂದೆಯೂ ಬಿಳಿ ಹಿನ್ನೆಲೆಯಲ್ಲಿ ಕೆಂಪು ಬಣ್ಣದ ಎಲ್ ಅಕ್ಷರವನ್ನು ಪ್ರದರ್ಶಿಸತಕ್ಕದ್ದು.

6. ಹದಿನೆಂಟು ವರ್ಷ ತುಂಬದವರು ಮೋಟಾರು ಸೈಕಲ್ ಚಲಾಯಿಸತಕ್ಕದ್ದಲ್ಲ. ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ವಾಹನಕ್ಕೆ ಮಾತ್ರ ಹದಿನಾರು ವರ್ಷ ತುಂಬಿದವರು ಅರ್ಜಿ ಸಲ್ಲಿಸಬಹುದು.

7. ಚಾಲಕನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸತಕ್ಕದ್ದಲ್ಲ.

ಅನುಜ್ಞಾ ಪತ್ರವು ವಾಹನ ಚಲಾಯಿಸಲು ಅರ್ಹತೆಯನ್ನು ನೀಡುತ್ತದೆ. ಬಿದ್ದಾಗ ತಲೆಯನ್ನು ಕಾಯುವ ಶಕ್ತಿ ಅದಕ್ಕಿಲ್ಲ. ದೂರ ಎಷ್ಟೇ ಇರಲಿ, ರಸ್ತೆ ಯಾವುದೇ ಇರಲಿ, ವಾಹನ ಏರುವ ಮುನ್ನ ಶಿರಸ್ತ್ರಾಣವನ್ನು ಧರಿಸಿ ಪಟ್ಟಿಯನ್ನು ಬಿಗಿಯುವಂತೆ ಎಲ್ಲ ಸವಾರರನ್ನೂ ಅವರ ಕುಟುಂಬದವರನ್ನೂ ಕೋರಲಾಗಿದೆ.