ಕಿರುತೆರೆಯನ್ನೇ ಹಿರಿದಾಗಿಸಿದ ಅಲನ್ ಕ್ಲಾರ್ಕ್

ಟೆಲಿವಿಷನ್ ನಾಟಕವೆಂದರೆ ಬೆಳ್ಳಿತೆರೆಗೆ ಹೋಗುವ ಮುನ್ನ ಹತ್ತಬೇಕಾದ ಮೆಟ್ಟಿಲು ಎಂದು ಬ್ರಿಟನ್ನಿನ ಅನೇಕ ನಿರ್ದೇಶಕರು ಭಾವಿಸಿದ್ದ ಕಾಲವದು. ಅಂಥ ದಿನಗಳಲ್ಲಿ ಕಿರುತೆರೆಯನ್ನೇ ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡವರು ಅಲನ್ ಕ್ಲಾರ್ಕ್. ಆದರೆ ಅದೇ ಕಿರುತೆರೆ ಅವರ ಅತ್ಯಂತ ಚರ್ಚಿತ ಕೃತಿಯನ್ನು ಹದಿನಾಲ್ಕು ವರ್ಷ ಕಪಾಟಿನಲ್ಲಿಟ್ಟು ಬೀಗ ಹಾಕಿತು. ಬೀಗ ತೆರೆದಾಗ ಅದನ್ನು ನೋಡಲು ಕ್ಲಾರ್ಕ್ ಬದುಕಿರಲಿಲ್ಲ.

ಕ್ಲಾರ್ಕ್ ಜನಿಸಿದ್ದು 1935ರ ಅಕ್ಟೋಬರ್ 28ರಂದು, ಲಿವರ್‌ಪೂಲ್ ನಗರಕ್ಕೆ ಎದುರಾಗಿ ಮರ್ಸಿ ನದಿಯ ಆಚೆ ದಡದಲ್ಲಿರುವ ವಾಲಸಿ ಪಟ್ಟಣದ ಶ್ರಮಿಕ ಕುಟುಂಬವೊಂದರಲ್ಲಿ. 1957ರಲ್ಲಿ ಕೆನಡಾಕ್ಕೆ ತೆರಳಿದ ಅವರು ಟೊರಾಂಟೊದ ರೈಯರ್ಸನ್ ಸಂಸ್ಥೆಯಲ್ಲಿ ರೇಡಿಯೊ ಮತ್ತು ಟೆಲಿವಿಷನ್ ಕಲೆಗಳ ಶಿಕ್ಷಣ ಪಡೆದರು. 1961ರಲ್ಲಿ ತಾಯ್ನಾಡಿಗೆ ಮರಳಿ ಖಾಸಗಿ ಟೆಲಿವಿಷನ್‌ನಲ್ಲಿ ಫ್ಲೋರ್ ಮ್ಯಾನೇಜರ್ ಆಗಿ ದುಡಿಯುತ್ತಲೇ, ಲಂಡನ್ನಿನ ಈಲಿಂಗ್ ಬಡಾವಣೆಯ ಕ್ವೆಸ್ಟರ್ಸ್ ಎಂಬ ಹವ್ಯಾಸಿ ರಂಗತಂಡಕ್ಕೆ ನಾಟಕಗಳನ್ನು ನಿರ್ದೇಶಿಸಿದರು. 1967ರಲ್ಲಿ ರೆಡಿಫ್ಯೂಷನ್ ಕಂಪನಿಯ ಅರ್ಧ ಗಂಟೆಯ ನಾಟಕಗಳ ಮೂಲಕ ಕಿರುತೆರೆಯ ನಿರ್ದೇಶಕರಾದರು. 1969ರ ಹೊತ್ತಿಗೆ ಬಿಬಿಸಿಯ ಬಾಗಿಲು ತೆರೆದಿತ್ತು.

ಆಗ ಬ್ರಿಟನ್ನಿನಲ್ಲಿ ಇದ್ದದ್ದು ಮೂರೇ ವಾಹಿನಿಗಳು. 1970ರಲ್ಲಿ ಆರಂಭವಾದ ಬಿಬಿಸಿಯ ‘ಪ್ಲೇ ಫಾರ್ ಟುಡೇ’ ಮಾಲಿಕೆಯಲ್ಲಿ ಪ್ರತಿ ಬಾರಿಯೂ ಹೊಸ ಕಥೆ, ಹೊಸ ಪಾತ್ರಗಳು. ಧಾರಾವಾಹಿಯ ಎಳೆ ಇಲ್ಲ. ಒಂದೇ ರಾತ್ರಿ ಲಕ್ಷಾಂತರ ಮನೆಗಳನ್ನು ತಲುಪುವ ಈ ನಾಟಕಗಳು ಮರುದಿನ ಕಚೇರಿ, ಕಾರ್ಖಾನೆಗಳಲ್ಲಿ ಚರ್ಚೆಯ ವಸ್ತುವಾಗುತ್ತಿದ್ದವು. ಯಾವ ಚಿತ್ರಮಂದಿರವೂ ನೀಡಲಾಗದ ಈ ವೇದಿಕೆಗೆ ಕ್ಲಾರ್ಕ್ ತಂದದ್ದು ಸಮಾಜ ನೋಡಲು ಬಯಸದ ಮುಖಗಳನ್ನು: ಕೈದಿಗಳು, ಮನೋರೋಗಿಗಳು, ದಿಕ್ಕಿಲ್ಲದ ಯುವಕರು.

1972ರ ‘ಟು ಎನ್‌ಕರೇಜ್ ದಿ ಅದರ್ಸ್’ ನೇರವಾಗಿ ನ್ಯಾಯಾಂಗವನ್ನೇ ಪ್ರಶ್ನಿಸಿತು. 16 ವರ್ಷದ ಸಂಗಡಿಗ ಪೊಲೀಸನನ್ನು ಗುಂಡಿಟ್ಟು ಕೊಂದ ಪ್ರಕರಣದಲ್ಲಿ, ಗುಂಡು ಹಾರಿಸದ 19 ವರ್ಷದ ಡೆರೆಕ್ ಬೆಂಟ್ಲಿಯನ್ನು 1953ರಲ್ಲಿ ಗಲ್ಲಿಗೇರಿಸಲಾಗಿತ್ತು. ಅದು ಆ ವಿಚಾರಣೆಯ ಕಥೆ. 1974ರ ‘ಪೆಂಡಾಸ್ ಫೆನ್’ ತೀರಾ ಭಿನ್ನ. ಪಾದ್ರಿಯ ಮಗನೊಬ್ಬನ ಕನಸು, ನಂಬಿಕೆಗಳ ತಳಮಳವನ್ನು ಕಂಡರಿಸಿದ ಈ ಕೃತಿ ಕ್ಲಾರ್ಕ್ ವಾಸ್ತವವಾದಕ್ಕಷ್ಟೇ ಸೀಮಿತರಲ್ಲ ಎಂಬುದನ್ನು ತೋರಿಸಿತು.

ಅವರ ವೃತ್ತಿಜೀವನದ ದೊಡ್ಡ ಸಂಘರ್ಷ ಎದುರಾದದ್ದು 1977ರಲ್ಲಿ. ರಾಯ್ ಮಿಂಟನ್ ಬರೆದ ‘ಸ್ಕಮ್’, ಬೋರ್ಸ್ಟಲ್ ಎಂದು ಕರೆಯಲಾಗುತ್ತಿದ್ದ ಯುವ ಅಪರಾಧಿಗಳ ಸುಧಾರಣಾ ಗೃಹದ ಕಥೆ. ಸಮಾಜದ ಕಸ ಎಂಬ ಅರ್ಥದ ಬೈಗುಳವೇ ಅದರ ಶೀರ್ಷಿಕೆ. ಸುಧಾರಣೆಯ ಹೆಸರಿನಲ್ಲಿ ಅಲ್ಲಿ ನಡೆಯುವ ಹಿಂಸೆ, ಜನಾಂಗೀಯ ನಿಂದನೆ, ಆತ್ಮಹತ್ಯೆಗಳನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸಿತ್ತು. ಚಿತ್ರೀಕರಣ, ಸಂಕಲನ ಎಲ್ಲವೂ ಮುಗಿದ ಮೇಲೆ ಬಿಬಿಸಿ ಪ್ರಸಾರವನ್ನು ತಡೆಹಿಡಿಯಿತು. ನಾಟಕ ಸಾಕ್ಷ್ಯಚಿತ್ರದಂತೆ ಕಾಣುತ್ತದೆ, ಅಲ್ಪಾವಧಿಯಲ್ಲಿ ಇಷ್ಟೆಲ್ಲ ದೌರ್ಜನ್ಯ ನಡೆದಂತೆ ತೋರಿಸುವುದು ನಂಬಲರ್ಹವಲ್ಲ ಎಂಬುದು ಆಡಳಿತದ ಆಕ್ಷೇಪವಾಗಿತ್ತು.

ಕ್ಲಾರ್ಕ್ ಸುಮ್ಮನಾಗಲಿಲ್ಲ. ಅದೇ ಕಥೆಯನ್ನು, ರೇ ವಿನ್‌ಸ್ಟನ್ ಸೇರಿದಂತೆ ಮೊದಲಿನ ಹಲವು ನಟರನ್ನೇ ಇಟ್ಟುಕೊಂಡು 1979ರಲ್ಲಿ ಸಿನಿಮಾ ಆಗಿ ಮತ್ತೆ ನಿರ್ಮಿಸಿದರು. ಟಿವಿಯಲ್ಲಿ ಕಾಣಲಾಗದ್ದು ಚಿತ್ರಮಂದಿರದಲ್ಲಿ ಕಂಡಿತು. ಇತ್ತ ಬೋರ್ಸ್ಟಲ್ ವ್ಯವಸ್ಥೆಯನ್ನೇ 1982ರ ಕಾಯ್ದೆ ರದ್ದುಗೊಳಿಸಿತು. ಆದರೂ ಮೂಲ ನಾಟಕ ಬಿಬಿಸಿಯ ದಾಸ್ತಾನಿನಿಂದ ಹೊರಬರಲಿಲ್ಲ.

ಇಷ್ಟಾದರೂ ಕ್ಲಾರ್ಕ್ ಕಿರುತೆರೆಯನ್ನು ತೊರೆಯಲಿಲ್ಲ. ಬದುಕಿನುದ್ದಕ್ಕೂ ಅವರು ಚಿತ್ರಮಂದಿರಕ್ಕೆಂದು ನಿರ್ದೇಶಿಸಿದ್ದು ಮೂರೇ ಸಿನಿಮಾ. ಖಾಸಗಿ ವಾಹಿನಿಯಲ್ಲಿ 1983ರಲ್ಲಿ ಪ್ರಸಾರವಾದ ‘ಮೇಡ್ ಇನ್ ಬ್ರಿಟನ್’ನಲ್ಲಿ, ಜನಾಂಗ ದ್ವೇಷ ತುಂಬಿಕೊಂಡ ಹದಿಹರೆಯದ ಹುಡುಗನ ಪಾತ್ರದ ಮೂಲಕ ಟಿಮ್ ರಾತ್ ಬೆಳಕಿಗೆ ಬಂದರು. ಛಾಯಾಗ್ರಾಹಕನ ದೇಹಕ್ಕೆ ಕಟ್ಟಿದ, ನಡೆದರೂ ಚಿತ್ರ ಅಲುಗದ ಸ್ಟೆಡಿಕ್ಯಾಮ್ ಉಪಕರಣವನ್ನು ಕ್ಲಾರ್ಕ್ ಇಲ್ಲಿಂದ ಮುಂದೆ ತಮ್ಮದೇ ಶೈಲಿಯನ್ನಾಗಿಸಿಕೊಂಡರು. ಅವರ ಪಾತ್ರಗಳು ನಡೆಯುತ್ತಲೇ ಇರುತ್ತವೆ. ಕ್ಯಾಮೆರಾ ತೀರ್ಪು ನೀಡದೆ ಅವರನ್ನು ಹಿಂಬಾಲಿಸುತ್ತದೆ.

ಈ ಶೈಲಿ ಪರಾಕಾಷ್ಠೆ ಮುಟ್ಟಿದ್ದು 1989ರ ‘ಎಲಿಫೆಂಟ್’ನಲ್ಲಿ. ಉತ್ತರ ಐರ್ಲೆಂಡಿನ ಹಿಂಸಾಚಾರ ಕುರಿತ 39 ನಿಮಿಷಗಳ ಈ ಚಿತ್ರದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ; ಕಥೆಯೂ ಇಲ್ಲ. ಒಬ್ಬ ನಡೆದು ಬರುತ್ತಾನೆ, ಇನ್ನೊಬ್ಬನನ್ನು ಕೊಲ್ಲುತ್ತಾನೆ, ಹೊರಟುಹೋಗುತ್ತಾನೆ. ಕ್ಯಾಮೆರಾ ಶವದ ಮೇಲೆ ನಿಲ್ಲುತ್ತದೆ. ಹೀಗೆ 18 ಕೊಲೆಗಳು. ಕೊಂದವರು ಯಾರು, ಸತ್ತವರು ಯಾವ ಪಂಗಡ ಎಂಬುದನ್ನು ಚಿತ್ರ ಹೇಳುವುದಿಲ್ಲ. ಮನೆಯ ನಡುಕೋಣೆಯಲ್ಲೇ ಆನೆ ನಿಂತಿದ್ದರೂ ಯಾರೂ ಅದರ ಮಾತೆತ್ತುವುದಿಲ್ಲ ಎಂಬುದು ಶೀರ್ಷಿಕೆಯ ಇಂಗಿತ. ಇದರ ನಿರ್ಮಾಪಕರು, ಮುಂದೆ ನಿರ್ದೇಶಕರಾಗಿ ಆಸ್ಕರ್ ಗೆದ್ದ ಡ್ಯಾನಿ ಬಾಯ್ಲ್.

ಅದೇ ವರ್ಷ ಬಂದ ‘ದಿ ಫರ್ಮ್’ ಕ್ಲಾರ್ಕ್ ಅವರ ಕೊನೆಯ ಕೃತಿ. ಫುಟ್‌ಬಾಲ್ ಪುಂಡಾಟಿಕೆಗೆ ಬಡತನವೇ ಕಾರಣ ಎಂಬ ಸುಲಭದ ಉತ್ತರವನ್ನು ಅದು ನಿರಾಕರಿಸಿತು. ಗ್ಯಾರಿ ಓಲ್ಡ್‌ಮನ್ ನಿರ್ವಹಿಸಿದ ಪುಂಡರ ನಾಯಕನಿಗೆ ಒಳ್ಳೆಯ ಉದ್ಯೋಗವಿತ್ತು, ಹೆಂಡತಿ, ಮಗು ಇದ್ದರು.

1990ರ ಜುಲೈ 24ರಂದು ಕ್ಯಾನ್ಸರ್‌ನಿಂದ ಕ್ಲಾರ್ಕ್ ನಿಧನರಾದರು. ಆಗ ಅವರಿಗೆ 54 ವರ್ಷ. ಮರುವರ್ಷದ ಜುಲೈನಲ್ಲಿ ಬಿಬಿಸಿ ಮೂಲ ‘ಸ್ಕಮ್’ ಅನ್ನು ಪ್ರಸಾರ ಮಾಡಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಡೆರೆಕ್ ಬೆಂಟ್ಲಿಯ ಕೊಲೆ ಅಪರಾಧದ ತೀರ್ಪನ್ನು ರದ್ದುಪಡಿಸಿತು. 2003ರಲ್ಲಿ ಅಮೆರಿಕದ ಗಸ್ ವ್ಯಾನ್ ಸ್ಯಾಂಟ್, ಶಾಲೆಯೊಂದರ ಹತ್ಯಾಕಾಂಡದ ಕಥೆಗೆ ‘ಎಲಿಫೆಂಟ್’ ಎಂಬ ಹೆಸರನ್ನೂ ಅದರ ನಡಿಗೆಯನ್ನೂ ಎರವಲು ಪಡೆದು ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದರು. 2016ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕ್ಲಾರ್ಕ್ ಅವರ ಬಿಬಿಸಿ ಕೃತಿಗಳ ಬೃಹತ್ ಸಂಪುಟವನ್ನು ಹೊರತಂದಿತು.

ಒಂದು ರಾತ್ರಿ ಪ್ರಸಾರವಾಗಿ ಮರೆತುಹೋಗುವ ಮಾಧ್ಯಮವೆಂದು ಕರೆಸಿಕೊಂಡ ಕಿರುತೆರೆಯಲ್ಲಿ ಅವರು ಎತ್ತಿದ ಪ್ರಶ್ನೆಗಳಿಗೆ ಉತ್ತರ ದೊರೆಯಲು ದಶಕಗಳೇ ಬೇಕಾದವು.